ಕೊಳೆರೋಗದ ಮದ್ದು ಮಳೆಗೆ ಮೊದಲು

ಗಿಡ ನೆಟ್ಟು ನೀರು, ಗೊಬ್ಬರ ಕೊಡುವುದಕ್ಕೆ ಪದವಿ ಏಕೆ, ಸಂಶೋಧನಾ ಕೇಂದ್ರ ಏಕೆ ಎಂದು ಕೇಳುವವರಿದ್ದಾರೆ. ಕುಂದಾಪುರದ ಸಿದ್ದಾಪುರ, ಅಮಾಸೆಬೈಲು, ಬೈಂದೂರಿನ ಕೊಲ್ಲೂರು ಕಡೆಯ ಅಡಿಕೆ ತೋಟಗಳನ್ನು ಕಾಡುವ ಕೊಳೆರೋಗವೊಂದೇ ಅವರಿಗೆ ಉತ್ತರ ಹೇಳೀತು. ರೋಗ ತರುವುದು ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಜೀವಿ. ಇದರ ಬೀಜಕಣಗಳಿಗೆ ಬಾಲವಿದೆ, ಅವು ಈಜುತ್ತವೆ. ಎಳೆಕಾಯಿಯ ಮೇಲೆ ತೆಳ್ಳಗೆ ನೀರು ನಿಂತರೂ ಸಾಕು, ಒಳಹೊಕ್ಕು ಕಾಯಿಯನ್ನು ಕೊಳೆಸಿ ಉದುರಿಸುತ್ತವೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿಯುವ ನಾಡಿನಲ್ಲಿ ಅವಕ್ಕೆ ನೀರಿನ ಬರವಿಲ್ಲ.

ಮದ್ದು ಹೊಸದಲ್ಲ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ದ್ರಾಕ್ಷಿಯ ರೋಗಕ್ಕೆಂದು 1885ರಲ್ಲಿ ಫ್ರಾನ್ಸಿನಲ್ಲಿ ಬೆಳಕಿಗೆ ಬಂತು. 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಗೆ ಒಗ್ಗಿಸಿದರು. ಒಗ್ಗಿಸುವುದು ಸುಲಭದ್ದಲ್ಲ: ಬೋರ್ಡೋ ಸೀಮೆಯ ಸರಾಸರಿ ಮಳೆ ವರ್ಷಕ್ಕೆ 1000 ಮಿ.ಮೀ. ಕೂಡ ಮುಟ್ಟದು. ಇಲ್ಲಿನ ಮಳೆಗೆ ತೊಳೆದುಹೋಗದಂತೆ ದ್ರಾವಣಕ್ಕೆ ಅಂಟು ಸೇರಿಸಬೇಕು. ಅದಕ್ಕಿಂತ ಮುಖ್ಯ, ಮೈಲುತುತ್ತಿನಲ್ಲಿರುವ ತಾಮ್ರ ಕಾಯಿಯ ಹೊರಗೆ ಕಾವಲಿರುತ್ತದೆಯೇ ಹೊರತು ಒಳಗೆ ಹೊಕ್ಕ ರೋಗವನ್ನು ಗುಣಪಡಿಸದು. ಆದ್ದರಿಂದ ಮದ್ದು ಬಿಡಬೇಕಾದ್ದು ಮಳೆ ಹಿಡಿಯುವ ಮೊದಲು. ಕಾಯಿ ಹಿಗ್ಗಿದಂತೆ ಲೇಪ ಬಿರಿದು ಹೊಸ ಮೈ ತೆರೆದುಕೊಳ್ಳುವುದರಿಂದ 40–45 ದಿನಗಳ ಮೇಲೆ ಇನ್ನೊಮ್ಮೆ.

ಹಿರಿಯರು ಇದೊಂದೂ ಇಲ್ಲದೆ ಅಡಿಕೆ ಬೆಳೆಯಲಿಲ್ಲವೇ ಎನ್ನಬಹುದು. ಬೆಳೆದರು, ಘಟ್ಟದ ಮೇಲೆ ಗೊನೆಗೆ ಕೊಟ್ಟೆ ಕಟ್ಟಿ ಕಾಯಿಗೆ ನೀರು ತಾಗದಂತೆ ಕಾದರು. ಕಾರಣ ಅರಿತೇ ಮಾಡಿದ ಕೆಲಸವದು, ವಿಜ್ಞಾನಕ್ಕೆ ಎದುರಾದದ್ದಲ್ಲ. ಆದರೆ ಪ್ರತಿ ಮರ ಹತ್ತಿ ಕಟ್ಟುವ ಆಳು ಈಗೆಲ್ಲಿ? ಹಾಗಾದರೆ ಮದ್ದನ್ನೇ ನಾಲ್ಕಾರು ಸಲ ಬಿಟ್ಟರಾಯಿತು ಎನ್ನುವುದೂ ಸಲ್ಲದು. ತಾಮ್ರ ಕೊಳೆತು ಕರಗುವ ವಸ್ತುವಲ್ಲ, ವರ್ಷ ವರ್ಷವೂ ತೋಟದ ಮಣ್ಣಿನಲ್ಲಿ ಸೇರುತ್ತಲೇ ಇರುತ್ತದೆ. ಸುಣ್ಣದ ಅಂಶ ತೊಳೆದುಹೋಗಿ ಹುಳಿಯಾದ ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಅದು ಬೇರಿಗೂ ಸೂಕ್ಷ್ಮಜೀವಿಗಳಿಗೂ ಬೇಗ ತಾಗುತ್ತದೆ. ಯಾವಾಗ, ಎಷ್ಟು ಸಲ ಎಂಬುದು ಊರಿನ ಮಳೆ, ಮಣ್ಣು ನೋಡಿಯೇ ತೀರ್ಮಾನವಾಗಬೇಕು. ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಂಥವು ಬೇಕಾಗುವುದು ಇದಕ್ಕೇ. ಪುಸ್ತಕದ ಲೆಕ್ಕವನ್ನು ಕರಾವಳಿಗೆ ಹೊಂದಿಸುವ ಕೆಲಸ ಬೆಂಗಳೂರಿನಲ್ಲಿ ಕುಳಿತು ಆಗದು.

ದ್ರಾವಣದ ಲೆಕ್ಕ ಇಷ್ಟು: 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೆರೆಸಿ, ಅದೇ ದಿನ ಬಳಸಿ ಮುಗಿಸಿ. ಬಿಡುವ ಮೊದಲು ಹೊಳೆಯುವ ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ನೋಡಿ. ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು.