ಗಡಿಯಲ್ಲಿ ವೀಸಾಕ್ಕಾಗಿ ಕಾಯುವ ಯಾತ್ರಿಕನ ನಮಾಝ್



ಹಜ್ಜ್ ನಿರ್ವಹಿಸುವ ಸಾಮರ್ಥ್ಯದ ಬಗ್ಗೆ ಕಳೆದ ಜುಮಾದಲ್ಲಿ ಮಾತನಾಡಿದ ಬಳಿಕ ಕೆಲವು ಯುವಕರು ಬಂದು ಕೇಳಿದರು: ರಸ್ತೆ ಮಾರ್ಗವಾಗಿ ಮಕ್ಕಾಕ್ಕೆ ಹೊರಟವನು ವೀಸಾ ಸಿಗದೆ ಗಡಿಯಲ್ಲೇ ಕುಳಿತರೆ ಅವನ ನಮಾಝ್ ಹೇಗೆ? ಅವನ ಹಜ್ಜ್‌ನ ಗತಿಯೇನು? ಖುತ್ಬಾದಲ್ಲಿ ಇದನ್ನು ವಿವರಿಸಲು ಸಮಯ ಸಾಲುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅವರ ಮನಸ್ಸಿನಲ್ಲಿದ್ದವರು ಶಿಹಾಬ್ ಚೋಟ್ಟೂರ್. ಕೇರಳದ ಮಲಪ್ಪುರಂ ಜಿಲ್ಲೆಯಿಂದ 2022ರ ಜೂನ್‌ನಲ್ಲಿ ಕಾಲ್ನಡಿಗೆಯಲ್ಲಿ ಹಜ್ಜ್‌ಗೆ ಹೊರಟ ಅವರು ನಮ್ಮ ಕರಾವಳಿಯ ಮೂಲಕವೇ ಹಾದುಹೋದರು. ಪಂಜಾಬ್ ತಲುಪಿದಾಗ ಪಾಕಿಸ್ತಾನದ ವೀಸಾ ಕೈಗೆ ಬಂದಿರಲಿಲ್ಲ. ವಾಘಾ ಗಡಿಯ ಸಮೀಪದ ಒಂದು ಶಾಲೆಯಲ್ಲಿ ತಿಂಗಳುಗಟ್ಟಲೆ ಕಾದರು. 2023ರ ಫೆಬ್ರವರಿಯಲ್ಲಿ ಗಡಿ ದಾಟಿದರು, ಅದೇ ವರ್ಷ ಹಜ್ಜ್ ನಿರ್ವಹಿಸಿದರು. ಅವರ ನಡಿಗೆಯ ವೀಡಿಯೊಗಳನ್ನು ಎಲ್ಲರೂ ನೋಡಿದ್ದಾರೆ. ಅವರು ಕಾದ ದಿನಗಳನ್ನು ನೆನಪಿಟ್ಟುಕೊಂಡವರು ಕಡಿಮೆ.

ಮೊದಲು ನಮಾಝ್. ಪ್ರಯಾಣಿಕನು ನಾಲ್ಕು ರಕಅತ್‌ನ ಫರ್ಝ್ ನಮಾಝನ್ನು ಎರಡಕ್ಕೆ ಇಳಿಸುವುದು, ಅಂದರೆ ಕಸ್ರ್, ನಿಮಗೆ ತಿಳಿದಿದೆ. ಒಂದೇ ಊರಿನಲ್ಲಿ ಕಾಯುತ್ತಿರುವಾಗ? ಹನಫಿ ಮದ್‌ಹಬ್ ಪ್ರಕಾರ ಒಂದು ಸ್ಥಳದಲ್ಲಿ 15 ದಿನ ಅಥವಾ ಹೆಚ್ಚು ಉಳಿಯುವ ನಿಯ್ಯತ್ ಮಾಡಿದವನು ಪೂರ್ಣ ನಮಾಝ್ ಮಾಡಬೇಕು. ಆದರೆ "ಇವತ್ತು ಸಿಗಬಹುದು, ನಾಳೆ ಹೊರಡಬಹುದು" ಎಂದು ಕಾಯುತ್ತಿರುವವನು ತಿಂಗಳುಗಳು ಕಳೆದರೂ ಕಸ್ರ್ ಮಾಡುತ್ತಾನೆ. ಇಬ್ನ್ ಉಮರ್(ರ) ಅವರು ಅಝರ್‌ಬೈಜಾನ್‌ನಲ್ಲಿ ಹಿಮದಿಂದ ದಾರಿ ಮುಚ್ಚಿದಾಗ ಆರು ತಿಂಗಳು ಕಸ್ರ್ ಮಾಡಿದ ವರದಿಯಿದೆ. ಅಂದು ಹಿಮ ತಡೆಯಿತು, ಇಂದು ಕಚೇರಿಯ ಕಡತ ತಡೆಯುತ್ತದೆ.

ಕರಾವಳಿಯ ಶಾಫಿಈ ಸಹೋದರರಿಗೆ ಲೆಕ್ಕ ಬೇರೆ. ಬಂದ ದಿನ ಮತ್ತು ಹೊರಡುವ ದಿನ ಬಿಟ್ಟು ಪೂರ್ಣ ನಾಲ್ಕು ದಿನ ಉಳಿಯುವುದು ಖಚಿತವಾಗಿದ್ದರೆ ಪೂರ್ಣ ನಮಾಝ್. ಯಾವ ಕ್ಷಣದಲ್ಲಾದರೂ ಕೆಲಸ ಆಗಬಹುದೆಂಬ ನಿರೀಕ್ಷೆಯಿದ್ದರೆ 18 ದಿನಗಳವರೆಗೆ ಕಸ್ರ್, ನಂತರ ಪೂರ್ಣ. ಪ್ರವಾದಿ(ಸ)ಯವರು ಮಕ್ಕಾ ವಿಜಯದ ಸಂದರ್ಭದಲ್ಲಿ ಅಲ್ಲಿ ಉಳಿದು ಕಸ್ರ್ ಮಾಡಿದ ದಿನಗಳು ಇದಕ್ಕೆ ಆಧಾರ. ಹಾಗಾಗಿ ಒಂದೇ ಕೋಣೆಯಲ್ಲಿ ಕಾಯುವ ಇಬ್ಬರು ಗೆಳೆಯರಲ್ಲಿ ಇಪ್ಪತ್ತನೇ ದಿನ ಒಬ್ಬ ಎರಡು, ಇನ್ನೊಬ್ಬ ನಾಲ್ಕು ರಕಅತ್ ಮಾಡುವಂತಾಗಬಹುದು. ಹನಫಿ ಗೆಳೆಯ ಇಮಾಮ್ ಆಗಿ ಎರಡಕ್ಕೆ ಸಲಾಮ್ ಹೇಳಿದರೆ ಶಾಫಿಈ ಗೆಳೆಯ ಎದ್ದು ಉಳಿದೆರಡನ್ನು ಪೂರ್ತಿ ಮಾಡಲಿ. ಜಗಳ ಬೇಡ.

ಇಲ್ಲಿ ಪ್ರಾಮಾಣಿಕತೆ ಮುಖ್ಯ. ಅರ್ಜಿ ಇತ್ಯರ್ಥವಾಗಲು ಒಂದು ತಿಂಗಳು ಬೇಕೆಂದು ಕಚೇರಿಯವರು ಸ್ಪಷ್ಟವಾಗಿ ಹೇಳಿದ ಮೇಲೂ "ನಾಳೆ ಹೊರಡುತ್ತೇನೆ" ಎಂದುಕೊಂಡು ಕಸ್ರ್ ಮಾಡಿದರೆ ಅದು ನಿಯ್ಯತ್ ಅಲ್ಲ, ನೆಪ.

ಇನ್ನು ಹಜ್ಜ್. ಇಹ್ರಾಮ್ ಧರಿಸಿದ ನಂತರ ದಾರಿ ತಡೆಯಲ್ಪಟ್ಟರೆ ಅದನ್ನು "ಇಹ್ಸಾರ್" ಎನ್ನುತ್ತಾರೆ. ಅದರ ವಿಧಿ ಸೂರಃ ಅಲ್‌ಬಕರಃದಲ್ಲಿದೆ: ಬಲಿಪ್ರಾಣಿ ಅರ್ಪಿಸಿ ಇಹ್ರಾಮ್‌ನಿಂದ ಹೊರಬರುವುದು. ಹಿಜರಿ 6ರಲ್ಲಿ ಸುಮಾರು 1,400 ಸಹಾಬಿಗಳೊಂದಿಗೆ ಉಮ್ರಾಕ್ಕೆ ಹೊರಟ ಪ್ರವಾದಿ(ಸ)ಯವರನ್ನು ಮಕ್ಕಾದ ಹೊಸ್ತಿಲಲ್ಲೇ, ಹುದೈಬಿಯಾದಲ್ಲಿ ತಡೆಯಲಾಯಿತು. ಆ ವರ್ಷ ಹಿಂದಿರುಗಬೇಕು, ಮುಂದಿನ ವರ್ಷ ಮೂರು ದಿನಕ್ಕೆ ಬರಬಹುದು ಎಂದು ಒಪ್ಪಂದವಾಯಿತು. ಸಹಾಬಿಗಳಿಗೆ ಎದೆ ಒಡೆದಂತಾಯಿತು. ಬಲಿ ಅರ್ಪಿಸಿ ತಲೆ ಬೋಳಿಸಿಕೊಳ್ಳಲು ಹೇಳಿದಾಗ ಯಾರೂ ಏಳಲಿಲ್ಲ. ಆಗ ಪತ್ನಿ ಉಮ್ಮು ಸಲಮಾ(ರ) ಅವರ ಸಲಹೆಯಂತೆ ಪ್ರವಾದಿ(ಸ)ಯವರು ಯಾರೊಡನೆಯೂ ಮಾತನಾಡದೆ ಹೊರಗೆ ಬಂದು ತಾವೇ ಮೊದಲು ಬಲಿ ಅರ್ಪಿಸಿದರು. ಅದನ್ನು ಕಂಡು ಎಲ್ಲರೂ ಎದ್ದರು. ಮರುವರ್ಷ ಒಪ್ಪಂದದ ಪ್ರಕಾರವೇ ಹೋಗಿ ಉಮ್ರಾ ನಿರ್ವಹಿಸಿದರು.

ವಾಘಾದಲ್ಲಿ ಕಾಯುವವನು ಇನ್ನೂ ಮೀಕಾತ್ ತಲುಪಿಲ್ಲ, ಇಹ್ರಾಮ್ ಧರಿಸಿಲ್ಲ. ಆದ್ದರಿಂದ ಅವನ ಮೇಲೆ ಬಲಿ ಇಲ್ಲ, ಪ್ರಾಯಶ್ಚಿತ್ತವಿಲ್ಲ. ಅವನು ಮನೆಗೆ ಮರಳಿದರೂ ತಪ್ಪಿತಸ್ಥನಲ್ಲ. ಆದರೆ ಒಂದು ಮಾತು ಕಟುವಾಗಿಯೇ ಹೇಳಬೇಕು. ವಿಮಾನದಲ್ಲಿ ಹೋಗುವಷ್ಟು ಹಣವಿದ್ದು, ಹಜ್ಜ್ ಫರ್ಝ್ ಆಗಿರುವವನು ಸಾಹಸಕ್ಕಾಗಿ ರಸ್ತೆ ಹಿಡಿದು, ಝುಲ್‌ಹಜ್ಜ್ 9ರ ಅರಫಾ ತಪ್ಪಿಸಿಕೊಂಡರೆ ಆ ವರ್ಷದ ಹಜ್ಜ್ ಹೋಯಿತು. ಫರ್ಝ್ ಆದ ಹಜ್ಜನ್ನು ಮುಂದೂಡುವುದು ಹನಫಿ ಮದ್‌ಹಬ್‌ನಲ್ಲಿ ಪಾಪ. ಶಾಫಿಈಯಲ್ಲಿ ಅವಕಾಶವಿದ್ದರೂ ಅವಸರಿಸುವುದೇ ಉತ್ತಮ. ಮೊದಲು ಫರ್ಝ್ ತೀರಿಸಿ, ನಡಿಗೆಯ ಆಸೆಯನ್ನು ಉಮ್ರಾಕ್ಕೆ ಇಟ್ಟುಕೊಳ್ಳಿ ಎಂದೇ ಆ ಯುವಕರಿಗೆ ಹೇಳಿದೆ.

ವೀಸಾ ಎಂಬುದು ಫಿಕ್ಹ್ ಗ್ರಂಥಗಳಲ್ಲಿ ಬರುವ "ಅಮಾನ್"ನಂತೆಯೇ, ಒಂದು ದೇಶ ನಮಗೆ ಕೊಡುವ ಅಭಯ. ಅದರ ಷರತ್ತುಗಳನ್ನು ಪಾಲಿಸುವುದು ನಮ್ಮ ಮೇಲೆ ಕಡ್ಡಾಯ. ಕಾದು ಬೇಸತ್ತು ಕಳ್ಳದಾರಿ ಹಿಡಿಯುವುದಾಗಲಿ, ಅವಧಿ ಮೀರಿ ಉಳಿಯುವುದಾಗಲಿ ಸಲ್ಲದು. ಇನ್ನೊಂದು ತೊಡಕು: ವೀಸಾದಲ್ಲಿ ಇಂಥ ದಿನಾಂಕದೊಳಗೆ ಪ್ರವೇಶಿಸಬೇಕೆಂಬುದು ಬೇರೆ, ಪ್ರವೇಶಿಸಿದ ಮೇಲೆ ಇಷ್ಟು ದಿನ ಉಳಿಯಬಹುದೆಂಬುದು ಬೇರೆ. ಪಾಕಿಸ್ತಾನದ ವೀಸಾ ತಡವಾದರೆ, ಮೊದಲೇ ಪಡೆದಿಟ್ಟ ಇರಾನ್, ಇರಾಕ್ ವೀಸಾಗಳ ದಿನಾಂಕ ಗಡಿ ದಾಟುವ ಮುನ್ನವೇ ಮುಗಿದಿರಬಹುದು. ಹೊರಡುವ ಮುನ್ನ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಅದೇ ಹಾಳೆಯಲ್ಲಿ ಮನೆಯ ಲೆಕ್ಕವೂ ಇರಲಿ. ಯಾತ್ರಿಕನು ಮರಳುವವರೆಗೆ ಮಡದಿ ಮಕ್ಕಳ ಖರ್ಚಿಗೆ ವ್ಯವಸ್ಥೆ ಮಾಡುವುದು ಹಜ್ಜ್‌ನ ಸಾಮರ್ಥ್ಯದ ಭಾಗವೇ ಆಗಿದೆ. ಗಡಿಯಲ್ಲಿ ನಾಲ್ಕು ತಿಂಗಳು ಕಾಯಬೇಕಾದರೆ ಮನೆಯಲ್ಲಿ ನಾಲ್ಕು ತಿಂಗಳ ಅಕ್ಕಿ, ಬಾಡಿಗೆ, ಶಾಲೆಯ ಫೀಸು ಹೆಚ್ಚಾಗುತ್ತದೆ. ಆ ಹಣವನ್ನು ಎತ್ತಿಟ್ಟು, ಮನೆಯವರ ಕೈಗೆ ಕೊಟ್ಟ ಮೇಲೆಯೇ ಚೀಲ ಹೆಗಲಿಗೇರಿಸಲಿ.