ನನ್ನ ಮಾತು ಯಾವುದು?

ನಾನಿನ್ನೂ ವಿದ್ಯಾರ್ಥಿ, ಬರೆಹಗಾರನೆನ್ನಿಸಿಕೊಳ್ಳುವ ಅರ್ಹತೆ ನನಗಿಲ್ಲ. ಆದರೂ ಬರೆಯುವ ಹುಚ್ಚು ಹತ್ತಿದಂದಿನಿಂದ ಒಂದು ಪ್ರಶ್ನೆ ಕಾಡುತ್ತಲೇ ಇದೆ: ನನ್ನ ಮಾತು ಯಾವುದು?

ಕುವೆಂಪು ಅವರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದರು. ಈ ಪ್ರಸಂಗವನ್ನು ಓದಿದಾಗ, ನಾನು ಬರೆಯುವುದು ಕನ್ನಡದಲ್ಲೇ ಅಲ್ಲವೆ ಎಂದು ನೆಮ್ಮದಿಪಟ್ಟಿದ್ದೆ.

ಆ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಅಜ್ಜಿ ತೀರಿಕೊಂಡಾಗ ಪರೀಕ್ಷೆಯ ಕಾರಣ ಊರಿಗೆ ಹೋಗಲಾಗದೆ ಅವ್ವನಿಗೊಂದು ಕಾಗದ ಬರೆದೆ. ‘ಅಗಲಿಕೆಯ ಅಸಹನೀಯ ವೇದನೆ’, ‘ವಿಧಿಯ ಕ್ರೂರ ವಿಲಾಸ’ ಮೊದಲಾಗಿ ಪ್ರಬಂಧಕ್ಕೆ ಒಪ್ಪುವ ಪದಗಳೆಲ್ಲ ಅಲ್ಲಿದ್ದವು. ಅವ್ವನಿಗೆ ಓದು ಬಾರದು. ನೆರೆಮನೆಯ ಹುಡುಗಿ ಓದಿ ಹೇಳಿದಳಂತೆ. ರಜೆಯಲ್ಲಿ ಹೋದಾಗ ಅವ್ವ ಕೇಳಿದಳು: “ಆ ಕಾಗದಾನ ಯಾರ ಕೈಲಿ ಬರೆಸ್ದೆ, ಮಗಾ?”

ನಾನು ತಲೆ ತಗ್ಗಿಸಿದೆ. ಕನ್ನಡದಲ್ಲಿ ಬರೆದೂ ಒಬ್ಬನು ಹೆತ್ತತಾಯಿಗೆ ಅಪರಿಚಿತನಾಗಬಹುದು. ಗ್ರಾಂಥಿಕ ಭಾಷೆಯನ್ನು ನಾನು ಹಳಿಯಲಾರೆ. ವಿಚಾರವನ್ನು ಹೊರಲು ಅದು ಬೇಕು. ಆದರೆ ದುಃಖಕ್ಕೆ ಎರವಿನ ಮಾತು ಸಲ್ಲದು.

ಅಂದು ರಾತ್ರಿ ಆ ಕಾಗದವನ್ನು ಮತ್ತೆ ಬರೆದು, ನಾನೇ ಓದಿ ಹೇಳಿದೆ. “ಅಜ್ಜಿ ಇಲ್ದಿರೊ ಮನೇಗೆ ಹೆಂಗ್ ಬರ್ಲವ್ವ?” ಎಂಬಲ್ಲಿಗೆ ಬಂದಾಗ ಅವ್ವ ಸೆರಗನ್ನು ಕಣ್ಣಿಗೊತ್ತಿಕೊಂಡಳು.