ನೆಕ್ಕರ್ ದಂಡೆಯ ಊರುಗಳಲ್ಲಿ ತಂಗುವುದೆಲ್ಲಿ?

ನದಿ ಇದ್ದಲ್ಲಿ ಊರು, ಊರು ಇದ್ದಲ್ಲಿ ದಾರಿಹೋಕನಿಗೊಂದು ನೆರಳು ಎಂಬುದು ಎಲ್ಲ ದೇಶಗಳಿಗೂ ಸಲ್ಲುವ ಮಾತು. ಕೃಷ್ಣೆ-ಮಲಪ್ರಭೆಯರು ಕೂಡುವ ಕೂಡಲಸಂಗಮವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜರ್ಮನಿಯ ನದೀಕಣಿವೆಗಳಲ್ಲಿಯೂ ಈ ಮಾತಿಗೆ ಸಾಕ್ಷಿಗಳು ಹೇರಳವಾಗಿವೆ.

ಬಾಷ್ ಮೊದಲಾದ ಜರ್ಮನ್ ಕಂಪನಿಗಳು ಬೆಂಗಳೂರಿನಲ್ಲಿ ಬೇರೂರಿದ ಮೇಲೆ, ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಉದ್ಯೋಗಕ್ಕಾಗಿಯೂ ಉನ್ನತ ವ್ಯಾಸಂಗಕ್ಕಾಗಿಯೂ ಸ್ಟುಟ್‌ಗಾರ್ಟ್ ಸುತ್ತಿನ ನಾಡಿಗೆ ಹೋಗಿದ್ದಾರೆ. ಮಗನನ್ನೋ ಮಗಳನ್ನೋ ನೋಡಲು ತಂದೆತಾಯಿಗಳು ಹೋಗಿ ಎರಡು ಮೂರು ತಿಂಗಳು ಇದ್ದು ಬರುವುದು ಈಗ ಅಪರೂಪದ ಸಂಗತಿಯಲ್ಲ. ಮಕ್ಕಳಿಗೆ ಕಚೇರಿ, ಹಿರಿಯರಿಗೆ ನಾಲ್ಕು ಗೋಡೆ. ಒಂದು ವಾರ ಕಳೆಯುತ್ತಲೇ ಹೊರಗೆ ಎಲ್ಲಿಗಾದರೂ ಹೋಗಿ ನಾಲ್ಕು ದಿನ ಇದ್ದುಬರೋಣವೆಂಬ ಆಸೆ ಸಹಜವಾಗಿ ಮೂಡುತ್ತದೆ. ಆಗ ಎದುರಾಗುವ ಮೊದಲ ಪ್ರಶ್ನೆ ತಂಗುವುದೆಲ್ಲಿ ಎಂಬುದೇ. ಚಿತ್ರಗಳಲ್ಲಿ ಎಲ್ಲ ಮನೆಗಳೂ ಚೆಲುವಾಗಿ ಕಾಣುತ್ತವೆ. ಆದರೆ ಮಂಡಿನೋವಿನ ತಾಯಿ, ಪ್ರತಿನಿತ್ಯ ಲಿಂಗಪೂಜೆ ಮಾಡದೆ ನೀರು ಮುಟ್ಟದ ತಂದೆ, ಮಾಂಸ ಮೊಟ್ಟೆಗಳನ್ನು ತಿನ್ನದ ಕುಟುಂಬ, ಇಂಥವರಿಗೆ ಒಗ್ಗುವ ಮನೆ ಯಾವುದೆಂಬುದನ್ನು ಚಿತ್ರ ಹೇಳುವುದಿಲ್ಲ. ಆ ಕಣಿವೆಗಳಲ್ಲಿ ಸುತ್ತಿ, ತಂಗಿ ನಾವು ಅರಿತುಕೊಂಡದ್ದನ್ನು ಓದುಗ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಯಾವ ಕಣಿವೆ?

ಪ್ರವಾಸಿಗರು ಹೆಚ್ಚಾಗಿ ಹೋಗುವ ಕಣಿವೆಗಳು ಮೂರು. ಬಿಂಗೆನ್‌ನಿಂದ ಕೋಬ್ಲೆಂಟ್ಸ್‌ವರೆಗಿನ ಸುಮಾರು 65 ಕಿಲೋಮೀಟರ್ ರೈನ್ ಕಣಿವೆಯನ್ನು ಯುನೆಸ್ಕೊ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡ್ಡಕ್ಕೊಂದು ಕೋಟೆ ಎನ್ನುವಂತಿದೆ ಆ ನೋಟ. ಆದರೆ ನದಿಯ ಎರಡೂ ದಂಡೆಗಳಲ್ಲಿ ರೈಲುಹಳಿಗಳಿದ್ದು, ಇರುಳಿಡೀ ಸರಕಿನ ಗಾಡಿಗಳು ಓಡುತ್ತಿರುತ್ತವೆ. ಸುಲಭವಾಗಿ ನಿದ್ದೆ ಬಾರದ ಹಿರಿಯರು ಇದನ್ನು ಮೊದಲೇ ತಿಳಿದಿರಬೇಕು.

ಎರಡನೆಯದು ಮೋಸೆಲ್ ಕಣಿವೆ. ಕಡಿದಾದ ಇಳಿಜಾರುಗಳ ತುಂಬ ದ್ರಾಕ್ಷಿಯ ತೋಟಗಳು, ಹಾವಿನಂತೆ ಹೊರಳುವ ನದಿ. ಕೋಖೆಮ್ ಊರು ಕೋಬ್ಲೆಂಟ್ಸ್ ಮತ್ತು ಟ್ರೀರ್ ನಡುವಿನ ಮುಖ್ಯ ರೈಲುಮಾರ್ಗದಲ್ಲಿಯೇ ಇದೆ. ಅತಿ ಸುಂದರವೆನಿಸಿದ ಬೈಲ್‌ಸ್ಟೈನ್‌ಗೂ ಬರ್ನ್‌ಕಾಸ್ಟೆಲ್-ಕೂಸ್‌ಗೂ ರೈಲಿಲ್ಲ, ಬಸ್ಸನ್ನೇ ನಂಬಬೇಕು. ದ್ರಾಕ್ಷಿಯ ಕೊಯ್ಲಿನ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಊರೂರಿಗೂ ಮದ್ಯದ ಉತ್ಸವಗಳು ನಡೆಯುವುದರಿಂದ ಶಾಂತಿಯನ್ನು ಬಯಸುವವರು ಮೇ ಅಥವಾ ಜೂನ್ ತಿಂಗಳನ್ನು ಆರಿಸಿಕೊಳ್ಳುವುದು ಲೇಸು.

ಮೂರನೆಯದು ನೆಕ್ಕರ್ ಕಣಿವೆ. ಮೊದಲ ಬಾರಿ ಹೋಗುವ ನಮ್ಮ ಕುಟುಂಬಗಳಿಗೆ ನಾವು ಸೂಚಿಸುವುದು ಇದನ್ನೇ. ಹೈಡೆಲ್‌ಬರ್ಗ್‌ನಿಂದ ಹೊರಟ ಸ್ಥಳೀಯ ರೈಲು ನದಿಯ ಬದಿಯಲ್ಲೇ ಸಾಗಿ, ನಾಲ್ಕು ಕೋಟೆಗಳ ನೆಕ್ಕರ್‌ಸ್ಟೈನಾಖ್, ಕೋಟೆಯ ಅಡಿಯಲ್ಲಿ ಮುದುಡಿ ಕುಳಿತ ಹಿರ್ಷ್‌ಹಾರ್ನ್, ಹಳೆಯ ಗೋಪುರಗಳ ಎಬರ್‌ಬಾಖ್ ಊರುಗಳನ್ನು ಮುಟ್ಟುತ್ತದೆ. ಇನ್ನೂ ಮೇಲೆ ಹೈಲ್‌ಬ್ರಾನ್ ಸಮೀಪದಲ್ಲಿ ಬಾಡ್ ವಿಂಪ್‌ಫೆನ್ ಇದೆ. ಮಧ್ಯಯುಗದ ಚಕ್ರವರ್ತಿಗಳ ಅರಮನೆಯ ಅವಶೇಷಗಳೂ ಮರದ ಚೌಕಟ್ಟಿನ ಮನೆಗಳ ಬೀದಿಗಳೂ ಅಲ್ಲಿ ಉಳಿದುಕೊಂಡಿವೆ. ಹೈಡೆಲ್‌ಬರ್ಗ್ ನಗರದಲ್ಲಿ ಜನಜಂಗುಳಿ ಹೆಚ್ಚು. ಅದನ್ನು ಹಗಲು ನೋಡಿಕೊಂಡು, ಇರುಳಿಗೆ ಈ ಸಣ್ಣ ಊರುಗಳಲ್ಲಿ ತಂಗುವುದು ಸುಖಕರ.

ತಂಗುವ ಮನೆಗಳ ಬಗೆ

ಈ ಊರುಗಳಲ್ಲಿ ದೊಡ್ಡ ಹೋಟೆಲುಗಳು ಕಡಿಮೆ. ‘ಗಾಸ್ಟ್‌ಹೋಫ್’ ಎಂದರೆ ಕೆಳಗೆ ಊಟದ ಮನೆ, ಮೇಲೆ ಕೆಲವು ಕೋಣೆಗಳಿರುವ ಮನೆ. ‘ಪೆನ್ಸಿಯೋನ್’ ಎಂಬುದು ಸಾಮಾನ್ಯವಾಗಿ ಬೆಳಗಿನ ಉಪಾಹಾರವನ್ನು ಮಾತ್ರ ಕೊಡುವ ಸಣ್ಣ ವಸತಿ. ‘ಫೇರಿಯನ್‌ವೋನುಂಗ್’ ಎಂದರೆ ಅಡುಗೆಮನೆ ಸಹಿತವಾಗಿ ಕೆಲವು ದಿನಗಳಿಗೆ ಬಾಡಿಗೆಗೆ ಸಿಗುವ ಬಿಡಾರ. ಬಾಗಿಲ ಬಳಿ ‘ಟ್ಸಿಮ್ಮರ್ ಫ್ರೈ’ ಎಂಬ ಫಲಕ ಕಂಡರೆ ಕೋಣೆ ಖಾಲಿ ಇದೆಯೆಂದು ಅರ್ಥ. ಮೋಸೆಲ್ ಕಣಿವೆಯಲ್ಲಿ ದ್ರಾಕ್ಷಿ ಬೆಳೆಗಾರರೇ ತಮ್ಮ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಮದ್ಯವನ್ನು ಮುಟ್ಟದವರು ಹಿಂಜರಿಯಬೇಕಾಗಿಲ್ಲ. ‘ಟ್ರೌಬೆನ್‌ಜಾಫ್ಟ್’ ಎಂದು ಕೇಳಿದರೆ ಹುಳಿಯದ ಶುದ್ಧ ದ್ರಾಕ್ಷಿರಸ ದೊರೆಯುತ್ತದೆ. ನೆಕ್ಕರ್ ಕಡೆ ಕೆಲವು ಮನೆಗಳ ಮುಂದೆ ಕಸಬರಿಗೆಯೊಂದನ್ನು ತೂಗುಹಾಕಿರುತ್ತಾರೆ. ಅದು ವಸತಿಯ ಗುರುತಲ್ಲ. ಬೆಳೆಗಾರನು ತನ್ನ ಮದ್ಯವನ್ನು ತಾನೇ ಮಾರುತ್ತಿದ್ದಾನೆಂಬ ಸೂಚನೆ.

ಯುವವಸತಿಗೃಹಗಳನ್ನೂ ಮರೆಯಬಾರದು. ರಿಚರ್ಡ್ ಷಿರ್‌ಮಾನ್ ಎಂಬ ಶಾಲಾಶಿಕ್ಷಕರು ಲೆನ್ನೆ ನದಿಯ ಕಣಿವೆಯ ಆಲ್ಟೆನಾ ಕೋಟೆಯಲ್ಲಿ 1912ರಲ್ಲಿ ಆರಂಭಿಸಿದ ಈ ವ್ಯವಸ್ಥೆ ಇಂದು ಜಗತ್ತಿನ ತುಂಬ ಹರಡಿದೆ. ರೈನ್ ದಂಡೆಯ ಬಾಖರಾಖ್‌ನಲ್ಲಿ ಷ್ಟಾಲೆಕ್ ಕೋಟೆಯೇ ಇಂಥ ವಸತಿಗೃಹವಾಗಿದೆ. ಸದಸ್ಯತ್ವ ಪಡೆದರೆ ಕುಟುಂಬಗಳಿಗೂ ಪ್ರವೇಶವುಂಟು. ಆದರೆ ಕೋಟೆಗೆ ಏರುವ ದಾರಿ ಬಲು ಕಡಿದು. ಅದು ಮೊಮ್ಮಕ್ಕಳಿಗೆ ಸ್ವರ್ಗ, ಅಜ್ಜಿಗೆ ಕಷ್ಟ.

ಇವುಗಳಲ್ಲಿ ನಮ್ಮ ಒಲವು ಮನೆಯವರೇ ಮುಂದೆ ನಿಂತು ನಡೆಸುವ ಸಣ್ಣ ವಸತಿಗಳ ಕಡೆಗೆ. ಮಾಲೀಕನೇ ಅಡುಗೆಗೆ ನಿಲ್ಲುತ್ತಾನೆ, ಮಡದಿ ಲೆಕ್ಕ ಬರೆಯುತ್ತಾಳೆ, ಮಗಳು ಹಾಸಿಗೆಯ ಬಟ್ಟೆ ಬದಲಿಸುತ್ತಾಳೆ. ಕಾಯಕವೆಂಬ ಶಬ್ದವನ್ನು ಅರಿಯದವರಲ್ಲಿಯೂ ಅದರ ಆಚರಣೆ ಇರುವುದನ್ನು ಅಲ್ಲಿ ಕಾಣಬಹುದು. ಅದಕ್ಕಿಂತ ಮುಖ್ಯವಾಗಿ, ನಮ್ಮ ವಿಶೇಷ ಅಗತ್ಯಗಳನ್ನು ಕೇಳಿ, ಆಗುತ್ತದೆ ಅಥವಾ ಆಗದು ಎಂದು ನೇರವಾಗಿ ಹೇಳುವ ಅಧಿಕಾರವುಳ್ಳವರು ಅಂಥ ಮನೆಯಲ್ಲಿ ಎದುರಿಗೇ ಇರುತ್ತಾರೆ.

ಮೊದಲೇ ಕೇಳಬೇಕಾದ ಪ್ರಶ್ನೆಗಳು

ಮೊದಲನೆಯ ಪ್ರಶ್ನೆ ಮೆಟ್ಟಿಲುಗಳದು. ಚೆಲುವಾದ ಹಳೆಯ ಮನೆಗಳು ಬಹುಮಟ್ಟಿಗೆ ಸ್ಮಾರಕ ಸಂರಕ್ಷಣೆಯ ಕಾನೂನಿಗೆ ಒಳಪಟ್ಟಿರುವುದರಿಂದ ಲಿಫ್ಟ್ ಇರುವುದು ಅಪರೂಪ. ಮರದ ಮೆಟ್ಟಿಲುಗಳು ಕಿರಿದಾಗಿಯೂ ಕಡಿದಾಗಿಯೂ ಇರುತ್ತವೆ. ಎಷ್ಟು ಮೆಟ್ಟಿಲು ಎಂದು ಸಂಕೋಚವಿಲ್ಲದೆ ಕೇಳಬೇಕು. ರೈಲುನಿಲ್ದಾಣದಿಂದ ಮನೆಯವರೆಗೆ ಏರು ಇದೆಯೇ ಎಂಬುದನ್ನೂ ವಿಚಾರಿಸಬೇಕು. ನದೀಕಣಿವೆಯ ಊರುಗಳಲ್ಲಿ ಸಮತಟ್ಟಾದ ದಾರಿ ನದಿಯ ಪಕ್ಕದಲ್ಲಿ ಮಾತ್ರ.

ಎರಡನೆಯದು ನೀರಿನದು. ನದಿಯ ಕಡೆಗೆ ಮುಖ ಮಾಡಿದ ಕೋಣೆಗೆ ಬೆಲೆ ಹೆಚ್ಚು. ಆದರೆ ಆ ಬೀದಿಗಳ ಗೋಡೆಗಳ ಮೇಲೆ ಕೆತ್ತಿರುವ ಪ್ರವಾಹದ ಗುರುತುಗಳನ್ನು ಒಮ್ಮೆ ನೋಡಬೇಕು. 1993ರ ಡಿಸೆಂಬರ್‌ನಲ್ಲಿ ಮೋಸೆಲ್ ಮತ್ತು ನೆಕ್ಕರ್ ಎರಡೂ ಉಕ್ಕಿ ಊರೊಳಗೆ ನುಗ್ಗಿದ್ದವು. 2021ರ ಜುಲೈ ತಿಂಗಳಲ್ಲಿ ರೈನ್ ನದಿಯ ಪುಟ್ಟ ಉಪನದಿಯಾದ ಆರ್, ಒಂದೇ ರಾತ್ರಿಯಲ್ಲಿ ತನ್ನ ಕಣಿವೆಯ 130ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿಯ ಅನೇಕ ವಸತಿಗೃಹಗಳು ಕೊಚ್ಚಿಹೋದವು. ಹೆದರಿ ಹೋಗದೆ ಇರಬೇಕೆಂದು ನಾವು ಹೇಳುತ್ತಿಲ್ಲ. ನದಿಗೆ ಒಂದು ಬೀದಿ ಹಿಂದೆ, ನೆಲಮಟ್ಟಕ್ಕಿಂತ ಮೇಲಿನ ಕೋಣೆಯನ್ನು ಹಿಡಿಯುವುದು, ಎಡೆಬಿಡದೆ ಮಳೆ ಸುರಿಯುವಾಗ ಮನೆಯವರ ಮಾತನ್ನು ಕೇಳುವುದು, ಜರ್ಮನ್ ಸರ್ಕಾರದ ‘ನೀನಾ’ ಎಂಬ ಎಚ್ಚರಿಕೆಯ ಆ್ಯಪನ್ನು ಮೊಬೈಲಿನಲ್ಲಿ ಇರಿಸಿಕೊಳ್ಳುವುದು, ಇಷ್ಟು ವಿವೇಕ ಸಾಕು.

ಮೂರನೆಯದು ವಾರದ ರಜೆಯದು. ಕುಟುಂಬದವರು ನಡೆಸುವ ಊಟದ ಮನೆಗಳು ವಾರದಲ್ಲಿ ಒಂದೆರಡು ದಿನ ಮುಚ್ಚಿರುತ್ತವೆ. ಭಾನುವಾರ ಅಂಗಡಿಗಳೂ ತೆರೆಯುವುದಿಲ್ಲ. ಶನಿವಾರ ಸಂಜೆಯೊಳಗೆ ಹಾಲು, ಮೊಸರು, ತರಕಾರಿಗಳನ್ನು ಕೊಂಡಿಡದಿದ್ದರೆ ಭಾನುವಾರ ಉಪವಾಸವೇ ಗತಿ. ಸಣ್ಣ ವಸತಿಗಳಲ್ಲಿ ಹಗಲಿರುಳೂ ಬಾಗಿಲು ಕಾಯುವವರಿರುವುದಿಲ್ಲವಾದ್ದರಿಂದ ತಲುಪುವ ಸಮಯವನ್ನು ಮೊದಲೇ ತಿಳಿಸಬೇಕು. ಬಿಡಾರಗಳಲ್ಲಿ ಕೊನೆಯ ದಿನದ ಶುಚಿಗೊಳಿಸುವ ಶುಲ್ಕವು ಬಾಡಿಗೆಯಲ್ಲಿ ಸೇರಿದೆಯೇ, ಕನಿಷ್ಠ ಎಷ್ಟು ರಾತ್ರಿ ತಂಗಬೇಕು, ಊರಿನವರು ವಿಧಿಸುವ ಅತಿಥಿಶುಲ್ಕ ಬೇರೆಯೇ ಎಂಬುದನ್ನೂ ಕೇಳಬೇಕು. ವಿದೇಶೀಯರು ನೋಂದಣಿಯ ನಮೂನೆಯನ್ನು ತುಂಬಲೇಬೇಕಾದ್ದರಿಂದ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಪ್ರಯಾಣದ ವೆಚ್ಚಕ್ಕೆ ಸಂಬಂಧಿಸಿದಂತೆ ಒಂದು ಮಾತು. ಸ್ಥಳೀಯ ರೈಲು ಬಸ್ಸುಗಳಲ್ಲೆಲ್ಲ ತಿಂಗಳಿಡೀ ಓಡಾಡಬಹುದಾದ ‘ಡಾಯ್ಚ್‌ಲಾಂಡ್ ಟಿಕೆಟ್’ 2023ರ ಮೇ ತಿಂಗಳಲ್ಲಿ 49 ಯೂರೊಗೆ ಆರಂಭವಾಗಿ, 2025ರಲ್ಲಿ 58 ಯೂರೊಗೆ ಏರಿತು. ಇದು ತಿಂಗಳು ತಿಂಗಳೂ ತಾನಾಗಿ ಮುಂದುವರಿಯುವ ಚಂದಾ. ತಿಂಗಳ 10ನೆಯ ತಾರೀಖಿನೊಳಗೆ ರದ್ದುಪಡಿಸದಿದ್ದರೆ ಮರುತಿಂಗಳ ಹಣವೂ ಕಡಿತವಾಗುತ್ತದೆ.

ಪೂಜೆ ಮತ್ತು ಪ್ರಸಾದ

ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿದವರಿಗೆ ಪರದೇಶದಲ್ಲಿ ಗುಡಿಯನ್ನು ಹುಡುಕುವ ಕಷ್ಟವಿಲ್ಲ. ಶುಚಿಯಾದ ಒಂದು ಮೂಲೆ, ಒಂದು ತಂಬಿಗೆ ನೀರು, ಅರ್ಧ ಗಂಟೆಯ ಏಕಾಂತ ದೊರೆತರೆ ಸಾಕು. ಆದರೂ ಎರಡು ಸಂಗತಿಗಳನ್ನು ಗಮನದಲ್ಲಿಡಬೇಕು. ಕೋಣೆಗಳ ಮಾಡಿನಲ್ಲಿ ಹೊಗೆ ಕಂಡೊಡನೆ ಕೂಗಿಕೊಳ್ಳುವ ಯಂತ್ರವಿರುತ್ತದೆ. ಊದುಬತ್ತಿ, ಕರ್ಪೂರಗಳನ್ನು ಹಚ್ಚಿದರೆ ಮನೆಮಂದಿಯೆಲ್ಲ ಗಾಬರಿಯಾಗಿ ಎದ್ದು ಬರುವರು. ಇನ್ನೊಂದು, ತಾಜಾ ಎಲೆಗಳನ್ನು ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದೆ ಐರೋಪ್ಯ ಒಕ್ಕೂಟದೊಳಗೆ ಒಯ್ಯುವುದನ್ನು 2019ರ ಡಿಸೆಂಬರ್‌ನಿಂದ ನಿಷೇಧಿಸಲಾಗಿದೆ. ಊರಿಂದ ಬಿಲ್ವಪತ್ರೆಯನ್ನು ಕಟ್ಟಿಕೊಂಡು ಹೋಗುವಂತಿಲ್ಲ. ವಿಭೂತಿಗೆ ಅಡ್ಡಿಯಿಲ್ಲ.

ನೆಕ್ಕರ್ ದಂಡೆಯ ಒಂದು ಪೆನ್ಸಿಯೋನ್‌ನಲ್ಲಿ ನಾವು ಈ ವಿಷಯವನ್ನು ಮನೆಯೊಡತಿಗೆ ಮುಂಚಿತವಾಗಿಯೇ ತಿಳಿಸಿದ್ದೆವು. ವೃದ್ಧೆಯಾದ ಆಕೆ ಹೆಚ್ಚು ಪ್ರಶ್ನಿಸಲಿಲ್ಲ. ಮರುದಿನ ಬೆಳಗ್ಗೆ ಹಿತ್ತಲಿನ ಗಾಜಿನ ಕೋಣೆಯನ್ನು ಗುಡಿಸಿ, ಒಂದು ಚಾಪೆ ಹಾಸಿ, ತಟ್ಟೆಯಲ್ಲಿ ತೋಟದ ಬಿಳಿಯ ಹೂಗಳನ್ನು ಇರಿಸಿದ್ದಳು. ಪೂಜೆ ಮುಗಿಯುವವರೆಗೆ ಆ ಕಡೆಗೆ ಯಾರೂ ಸುಳಿಯದಂತೆಯೂ ನೋಡಿಕೊಂಡಳು. ನಕ್ಷತ್ರಗಳ ಲೆಕ್ಕದಲ್ಲಿ ಅದು ಸಾಮಾನ್ಯ ವಸತಿ. ನಮಗೆ ಅಷ್ಟು ನೆಮ್ಮದಿ ಬೇರೆಲ್ಲಿಯೂ ದೊರೆಯಲಿಲ್ಲ.

ಇನ್ನು ಪ್ರಸಾದದ ಮಾತು. ಸಸ್ಯಾಹಾರ ಎಂಬ ಅರ್ಥದ ‘ವೆಗೆಟಾರಿಶ್’ ಶಬ್ದ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಮೊಟ್ಟೆ ಅದರೊಳಗೇ ಸೇರಿದೆ. ಆ ಸೀಮೆಯ ಪ್ರಸಿದ್ಧ ತಿನಿಸಾದ ‘ಷ್ಪೆಟ್ಸ್ಲೆ’ಯ ಹಿಟ್ಟನ್ನು ಮೊಟ್ಟೆ ಹಾಕಿಯೇ ಕಲಸುತ್ತಾರೆ. ಬೇಳೆಯ ಖಾದ್ಯವೆಂದು ಹಿಗ್ಗಿದರೆ ಅದರಲ್ಲಿ ಹಂದಿಮಾಂಸದ ಚೂರುಗಳಿರಬಹುದು, ತರಕಾರಿಯ ಸೂಪನ್ನು ಮಾಂಸದ ಕಟ್ಟಿನಲ್ಲಿ ಕುದಿಸಿರಬಹುದು. ಆದ್ದರಿಂದ ‘ಓನೆ ಫ್ಲೈಶ್, ಓನೆ ಫಿಶ್, ಓನೆ ಐ’, ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದ್ದು ಎಂದು ಚೀಟಿಯಲ್ಲಿ ಬರೆದು ತೋರಿಸುವುದು ಒಳಿತು. ಬೆಳಗಿನ ಉಪಾಹಾರದಲ್ಲಿ ಬಗೆಬಗೆಯ ರೊಟ್ಟಿ, ಬೆಣ್ಣೆ, ಜೇನು, ಹಣ್ಣು, ಮೊಸರುಗಳು ಧಾರಾಳವಾಗಿ ಇರುತ್ತವೆ.

ಮೂರು ದಿನಕ್ಕಿಂತ ಹೆಚ್ಚು ಇರುವವರಿಗೆ ಅಡುಗೆಮನೆಯುಳ್ಳ ಬಿಡಾರವೇ ಉತ್ತಮ. ಒಲೆ ವಿದ್ಯುತ್ತಿನದು. ಕುಕ್ಕರ್ ಇರುವುದು ಅಪರೂಪವಾದ್ದರಿಂದ ಮಕ್ಕಳ ಮನೆಯಿಂದ ಚಿಕ್ಕದೊಂದನ್ನು ಒಯ್ಯಬೇಕು. ಊರಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗಳನ್ನು ಒಯ್ದರೆ ಮೊಸರಿನೊಡನೆ ಊಟ ನಡೆಯುತ್ತದೆ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ತರುವುದನ್ನು ಐರೋಪ್ಯ ಒಕ್ಕೂಟವು ನಿಷೇಧಿಸಿರುವುದರಿಂದ ಮೊಮ್ಮಕ್ಕಳಿಗೆಂದು ಕಟ್ಟಿದ ಧಾರವಾಡ ಪೇಢೆಯೂ ಮನೆಯ ತುಪ್ಪವೂ ವಿಮಾನನಿಲ್ದಾಣದಲ್ಲೇ ಉಳಿದಾವು!

ಕನ್ನಡದ ನೆನಪಿರುವ ಎರಡು ಊರುಗಳು

ನೆಕ್ಕರ್ ಕಣಿವೆಯನ್ನು ಆರಿಸಿಕೊಳ್ಳಲು ಕನ್ನಡಿಗರಿಗೆ ಇನ್ನೊಂದು ಕಾರಣವುಂಟು. ಸ್ಟುಟ್‌ಗಾರ್ಟ್‌ಗೆ ಹೊಂದಿಕೊಂಡಂತಿರುವ ಎಸ್ಲಿಂಗೆನ್ ಊರಿನಲ್ಲಿ 1881ರಲ್ಲಿ ಕಣ್ಮುಚ್ಚಿದವರು ಹರ್ಮನ್ ಮೊಗ್ಲಿಂಗ್. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದವರು ಅವರೇ. ಅವರು ಅಚ್ಚುಹಾಕಿಸಿದ ಹಳೆಯ ಕನ್ನಡ ಗ್ರಂಥಗಳ ಮಾಲೆಯಲ್ಲಿ ಬಸವಪುರಾಣವೂ ಇತ್ತೆಂಬುದು ನಮ್ಮವರು ನೆನೆಯಬೇಕಾದ ಸಂಗತಿ. ಎಸ್ಲಿಂಗೆನ್‌ನಲ್ಲಿ 14ನೆಯ ಶತಮಾನದ ಮರದ ಚೌಕಟ್ಟಿನ ಮನೆಗಳು ಇಂದಿಗೂ ನಿಂತಿವೆ. ಸ್ಟುಟ್‌ಗಾರ್ಟ್‌ನಿಂದ ಸ್ಥಳೀಯ ರೈಲಿನಲ್ಲಿ ಬೇಗನೆ ತಲುಪಬಹುದಾದ್ದರಿಂದ ಮಕ್ಕಳು ಕೆಲಸ ಮುಗಿಸಿ ಸಂಜೆ ಬಂದು ಕೂಡಿಕೊಳ್ಳಬಹುದು.

ಅಲ್ಲಿಂದ ನದಿಯ ಮೇಲ್ಗಡೆಗೆ ಟ್ಯೂಬಿಂಗೆನ್. 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಊರು. 1894ರಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲ್ಲರು ತಮ್ಮ ಕೊನೆಯ ದಿನಗಳನ್ನು ಇಲ್ಲಿ ಕಳೆದು 1903ರಲ್ಲಿ ತೀರಿಕೊಂಡರು. ವಿದ್ಯಾರ್ಥಿಗಳಿಂದ ತುಂಬಿದ ಊರಾದ್ದರಿಂದ ಕೋಣೆಗಳನ್ನು ಬಹಳ ಮುಂಚೆಯೇ ಗೊತ್ತುಮಾಡಬೇಕು. ನದಿಯ ನಡುವಣ ದ್ವೀಪದಲ್ಲಿ ಸಾಲುಮರಗಳ ಸಮತಟ್ಟಾದ ಕಾಲುದಾರಿಯಿದ್ದು, ಹಿರಿಯರು ಆಯಾಸವಿಲ್ಲದೆ ಅಡ್ಡಾಡಬಹುದು.

ಅತಿಥಿ ಮತ್ತು ಆತಿಥ್ಯ

ಮೋಸೆಲ್ ದಂಡೆಯ ಕೂಸ್ ಊರಿನಲ್ಲಿ, ಅದೇ ಊರಿನ ತತ್ತ್ವಜ್ಞಾನಿ ನಿಕೊಲಾಸ್ 1458ರಲ್ಲಿ 33 ಮಂದಿ ಬಡ ವೃದ್ಧರಿಗಾಗಿ ಒಂದು ಆಶ್ರಯಧಾಮವನ್ನು ಕಟ್ಟಿಸಿ, ಅದರ ಖರ್ಚಿಗೆ ದ್ರಾಕ್ಷಿತೋಟಗಳನ್ನು ಬಿಟ್ಟುಕೊಟ್ಟರು. ಅದು ಇಂದಿಗೂ ವೃದ್ಧರ ಮನೆಯಾಗಿಯೇ ನಡೆಯುತ್ತಿದೆ. ದಾಸೋಹದ ಮಠಗಳನ್ನು ಕಂಡು ಬೆಳೆದ ನಮಗೆ ಇದರ ಮುಂದೆ ನಿಂತಾಗ ಪರದೇಶವೆಂಬ ಭಾವನೆ ಉಳಿಯಲಿಲ್ಲ.

ಆದರೆ ಈ ಕಣಿವೆಗಳ ಸಣ್ಣ ವಸತಿಗಳು ಒಂದೊಂದಾಗಿ ಮುಚ್ಚುತ್ತಿವೆ. ಮಕ್ಕಳು ನಗರಗಳಿಗೆ ಹೋಗಿದ್ದಾರೆ, ಕೆಲಸಕ್ಕೆ ಜನ ಸಿಗುತ್ತಿಲ್ಲ, ವಯಸ್ಸಾದ ದಂಪತಿಗಳಿಗೆ ಶಕ್ತಿ ಸಾಲದು. ನಮ್ಮ ಹಳ್ಳಿಗಳ ಕಥೆಯೂ ಇದೇ ಅಲ್ಲವೇ? ಆದ್ದರಿಂದ ಅಲ್ಲಿಗೆ ಹೋಗುವ ನಮ್ಮ ಬಂಧುಗಳು, ಎರಡು ಪತ್ರ ಹೆಚ್ಚು ಬರೆಯಬೇಕಾಗಿ ಬಂದರೂ, ಅಂಥ ಮನೆಗಳನ್ನೇ ಹುಡುಕಿ ತಂಗಲೆಂಬುದು ನಮ್ಮ ಬಿನ್ನಹ. ಪ್ರತಿ ಊರಿನ ಪ್ರವಾಸಿ ಮಾಹಿತಿ ಕಚೇರಿಯೂ ಕೋಣೆಗಳ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಕೋಣೆಯನ್ನು ಬಿಡುವಾಗ ಬಂದಾಗಿದ್ದಷ್ಟೇ ಚೊಕ್ಕಟವಾಗಿ ಬಿಟ್ಟು, ಮನೆಯವರಿಗೆ ಕೈಮುಗಿದು ಹೊರಡಿರಿ. ನಿಮ್ಮ ನಂತರ ಬರುವ ಇನ್ನೊಂದು ಕನ್ನಡದ ಕುಟುಂಬಕ್ಕೆ ಆ ಬಾಗಿಲು ಹೆಚ್ಚು ಆದರದಿಂದ ತೆರೆದೀತು.